ಯಾರೂ ದೂರು ಹೇಳದ ಬಡಾವಣೆ

ಐಲ್ಸಾ ಮಕ್ರೇ ಓಮರೂ ಊರಿನ ಶಾಲೆಗಳಲ್ಲಿ ಹಲ್ಲಿನ ದಾದಿಯಾಗಿದ್ದವಳು. ಮಕ್ಕಳ ಹಲ್ಲು ಕೊರೆಯಲು, ಕೀಳಲು ಶಾಲೆಯ ಅಂಗಳದ ಮೂಲೆಯಲ್ಲಿ ಅವಳದೊಂದು ಪುಟ್ಟ ಬಿಳಿ ಕಟ್ಟಡ. ಮಕ್ಕಳು ಅದಕ್ಕೆ ಕೊಲೆಮನೆ ಎಂದೇ ಹೆಸರಿಟ್ಟಿದ್ದರು. ತರಗತಿಯ ಬಾಗಿಲಲ್ಲಿ ಅವಳ ಬಿಳಿ ಟೊಪ್ಪಿಗೆ ಕಂಡರೆ ಸಾಕು, ಅರ್ಧ ಹುಡುಗರಿಗೆ ಬೆಂಚಿನಡಿ ಏನೋ ಬಿದ್ದುಹೋಗಿರುತ್ತಿತ್ತು. "ದಿನಾ ಹಲ್ಲುಜ್ಜುತ್ತೀಯಾ?" ಎಂದು ಕೇಳಿದರೆ ಎಲ್ಲರೂ ಹೂಂಗುಟ್ಟುವವರೇ. ಬಾಯಿ ತೆರೆಸಿ ನೋಡಿದರೆ ಒಳಗೆ ಬೇರೆಯೇ ಕಥೆ. ಇಡೀ ಉದ್ಯೋಗವೇ ಹೀಗೆ ಕಳೆದ ಮೇಲೆ, ಯಾರು ಏನು ಹೇಳಿದರೂ ಮೊದಲು ನಂಬದಿರುವುದು ಅವಳಿಗೆ ಉಸಿರಾಟದಷ್ಟೇ ಸಹಜವಾಗಿತ್ತು.

ಅವಳಿಗೆ ಮದುವೆಯಾಗಲಿಲ್ಲ. ಉಣ್ಣೆ ವ್ಯಾಪಾರದ ಒಬ್ಬಾತ ಎರಡು ವರ್ಷ ಅವಳ ಹಿಂದೆ ಬಿದ್ದಿದ್ದ. ಇವನು ಇಷ್ಟು ಒಳ್ಳೆಯವನಾಗಿರಲು ಕಾರಣವೇನು ಎಂದು ಐಲ್ಸಾ ಯೋಚಿಸುತ್ತಿರುವಾಗಲೇ ಅವನು ಟಿಮರೂ ಊರಿನ ಬೇರೊಬ್ಬಳ ಕೈ ಹಿಡಿದ. "ನೋಡಿದ್ರಾ, ನಾನು ಅಂದುಕೊಂಡಿದ್ದು ಸರಿಯಾಗಿತ್ತು," ಎಂದು ಅವಳು ಅಣ್ಣನ ಮನೆಯವರೆದುರು ಗೆದ್ದವಳಂತೆ ಹೇಳಿದ್ದಳು.

ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ದಕ್ಷಿಣ ಗೋಳದ ಆ ನಾಡಿನಲ್ಲಿ ನಡುಚಳಿಗಾಲವಾದ ಜುಲೈ ತಿಂಗಳ ಹಿಮ ಗಟ್ಟಿಯಾಗಿದ್ದ ಒಂದು ಬೆಳಿಗ್ಗೆ, ಕಲ್ಲಿದ್ದಲಿನ ಬಕೆಟ್ಟು ಹಿಡಿದು ಹಿತ್ತಲ ಮೆಟ್ಟಿಲಿಳಿಯುವಾಗ ಕಾಲು ಜಾರಿ ಬಿದ್ದಳು. ಕೂಗಬಹುದಿತ್ತು. ಪಕ್ಕದ ಮನೆಯವರು ಎದ್ದೇ ಇದ್ದರು. ಆದರೆ ಅವರು ಬಂದರೆ ಊರಿಗೆಲ್ಲ ಸುದ್ದಿಯಾಗುತ್ತದೆ. ಹಾಗಾಗಿ ಬಿದ್ದಲ್ಲೇ ಬಿದ್ದುಕೊಂಡು, ಮೈಗೆ ಸ್ವಲ್ಪ ತ್ರಾಣ ಬಂದ ಮೇಲೆ ಮಳೆನೀರಿನ ಕೊಳವೆ ಹಿಡಿದು ತಾನೇ ಎದ್ದಳು. ಯಾರಿಗೂ ಹೇಳಲಿಲ್ಲ.

ಆದರೂ ಆ ಭಾನುವಾರವೇ ಅಣ್ಣನ ಮಗಳು ರೇವಿನ್ ಡನೀಡಿನ್‌ನಿಂದ ಕಾರು ಹತ್ತಿ ಬಂದಳು. ಕೈಯಲ್ಲಿ ಬಣ್ಣಬಣ್ಣದ ಚಿತ್ರಗಳಿದ್ದ ಒಂದು ಪುಸ್ತಿಕೆ.

"ಯಾರು ಹೇಳಿದ್ರು ನಿಂಗೆ?" ಎಂದಳು ಐಲ್ಸಾ.

"ಏನು ಹೇಳಿದ್ರು?"

"ಏನಿಲ್ಲ ಬಿಡು."

ರೇವಿನ್ ಅವಳ ಮೊಣಕೈಯ ನೀಲಿ ಕಲೆಯನ್ನೇ ನೋಡುತ್ತ ಕುಳಿತಳು. ಆಮೇಲೆ ಪುಸ್ತಿಕೆ ಬಿಡಿಸಿದಳು. ಊರಿನ ಉತ್ತರಕ್ಕೆ ಹೊಸದಾಗಿ ಎದ್ದಿದ್ದ ರಾಟಾ ಡೌನ್ಸ್ ಎಂಬ ನಿವೃತ್ತರ ಬಡಾವಣೆ ಅದು. "ಅತ್ತೆ, ಇದು ವೃದ್ಧಾಶ್ರಮ ಅಲ್ಲ. ನಿಮ್ಮದೇ ಮನೆ, ನಿಮ್ಮದೇ ಬೀಗದ ಕೈ, ನಿಮ್ಮದೇ ಅಡಿಗೆ. ಮೆಟ್ಟಿಲು ಮಾತ್ರ ಇಲ್ಲ."

"ಹಾಗಾದ್ರೆ ಬೇಲಿ ಯಾಕೆ?"

"ಬೇಲಿ ಎಲ್ಲಿದೆ?"

"ಚಿತ್ರದಲ್ಲಿ ಎಲ್ಲೂ ತೋರಿಸಿಲ್ಲ. ಅದಕ್ಕೇ ಕೇಳಿದ್ದು."

ರೇವಿನ್ ನಕ್ಕಳು. ಐಲ್ಸಾ ನಗಲಿಲ್ಲ. ಇವಳಿಗೆ ಇದರಲ್ಲಿ ಏನು ಲಾಭ ಎಂದು ಲೆಕ್ಕ ಹಾಕುತ್ತಿದ್ದಳು. ರೇವಿನ್‌ಗೆ ಸ್ವಂತ ಮನೆಯಿತ್ತು, ಗಂಡನಿಗೆ ಒಳ್ಳೆಯ ಕೆಲಸವಿತ್ತು, ಅತ್ತೆಯ ಹಳೆಯ ಮರದ ಮನೆಯ ಮೇಲೆ ಆಸೆಯೇನೂ ಕಾಣಲಿಲ್ಲ. ಕಾರಣ ಸಿಗದೆ ಹೋದದ್ದು ಐಲ್ಸಾಳಿಗೆ ಇನ್ನೂ ಕಸಿವಿಸಿಯಾಯಿತು.

ಆದರೂ ನೋಡಲು ಹೋದಳು. ವ್ಯವಸ್ಥಾಪಕಿ ಜಾನೀನ್ ಬಾಗಿಲಲ್ಲೇ ನಿಂತು ಎರಡೂ ಕೈ ಹಿಡಿದು ಬರಮಾಡಿಕೊಂಡಳು. ಬಿಸಿ ಸ್ಕೋನು, ಬೆಣ್ಣೆ, ಪ್ಲಮ್ ಹಣ್ಣಿನ ಜಾಮು, ಚಹಾ. ದಾರಿಯುದ್ದಕ್ಕೂ ಮುದುಕ ಮುದುಕಿಯರು ಕೈಬೀಸುವುದೇ ಬೀಸುವುದು. "ನನ್ನ ಗುರುತೇ ಇಲ್ಲ, ಕೈ ಯಾಕೆ ಬೀಸ್ತಾರೆ?" ಎಂದು ಐಲ್ಸಾ ರೇವಿನ್ ಕಿವಿಯಲ್ಲಿ ಗೊಣಗಿದಳು. ಚೆಂಡು ಉರುಳಿಸಿ ಆಡುವ ಹುಲ್ಲುಹಾಸಿನ ಬಳಿ ಮೂವರು ಹೆಂಗಸರು ಕೂತಿದ್ದರು. ನೇರವಾಗಿ ಅವರ ಮುಂದೆ ಹೋಗಿ ನಿಂತು, "ಇಲ್ಲಿ ನಿಮಗೆ ಏನು ತೊಂದರೆ?" ಎಂದು ಕೇಳಿದಳು.

"ಒಂದೂ ಇಲ್ಲಮ್ಮ," ಎಂದರು ಮೂವರೂ ಒಟ್ಟಿಗೆ.

ಅವಳಿಗೆ ಅದೇ ದೊಡ್ಡ ತೊಂದರೆಯಾಗಿ ಕಂಡಿತು. ವಾಪಸು ಬರುವಾಗ ಕಾರಿನಲ್ಲಿ ಹೇಳಿದಳು: "ಅರವತ್ತು ದಾಟಿದ ಅಷ್ಟೊಂದು ಜನ ಒಂದೇ ಕಡೆ ಸೇರಿದಾರೆ, ಒಬ್ಬರಿಗೂ ಏನೂ ದೂರಿಲ್ಲ ಅಂದ್ರೆ, ಒಂದೋ ಸುಳ್ಳು ಹೇಳ್ತಿದಾರೆ, ಇಲ್ಲಾ ಚಹಾಕ್ಕೆ ಏನೋ ಬೆರೆಸ್ತಿದಾರೆ."

"ನೀವೂ ಕುಡಿದ್ರಲ್ಲ ಅತ್ತೆ."

"ಅರ್ಧ ಲೋಟ. ಮಿಕ್ಕಿದ್ದು ಹೂವಿನ ಕುಂಡಕ್ಕೆ."

ಮುಂದಿನ ವಾರ ಯಾರಿಗೂ ಹೇಳದೆ, ಮಳೆ ಹನಿಯುತ್ತಿದ್ದ ಒಂದು ದಿನ ಬಸ್ಸು ಹಿಡಿದು ಮತ್ತೆ ಹೋದಳು. ಅತಿಥಿಗಳು ಬರುವುದಿಲ್ಲವೆಂದು ಗೊತ್ತಿದ್ದಾಗ ಇವರ ನಿಜರೂಪ ಹೊರಬೀಳಬೇಕಲ್ಲ! ಗಿಡಗಳ ಸಾಲಿನ ಹಿಂದೆ ಕೊಡೆ ಹಿಡಿದು ನಿಂತು ಇಣುಕಿದಳು. ರಬ್ಬರ್ ಬೂಟು ಹಾಕಿಕೊಂಡು ಹೋಗುತ್ತಿದ್ದ ಒಬ್ಬ ಮುದುಕ ಅವಳನ್ನು ಕಂಡು ಕೈಬೀಸಿದ. ಐಲ್ಸಾ ಸಿಟ್ಟಿನಿಂದ ಮನೆಗೆ ಬಂದಳು.

ಕೊನೆಗೆ ಜಾನೀನ್‌ಳೇ ಫೋನು ಮಾಡಿ, ಒಂದು ಮನೆ ಖಾಲಿಯಿದೆ, ನಾಲ್ಕು ದಿನ ಸುಮ್ಮನೆ ಇದ್ದು ನೋಡಿ ಎಂದಳು. ಐಲ್ಸಾ ತನ್ನ ಹೊದಿಕೆ, ತನ್ನ ಚಹಾಪುಡಿ, ತನ್ನ ಟಾರ್ಚು ಎಲ್ಲ ಕಟ್ಟಿಕೊಂಡು ಹೋದಳು.

ಮೊದಲ ಬೆಳಿಗ್ಗೆ ಹಿಂಬಾಗಿಲು ತೆರೆದರೆ ಪಕ್ಕದ ಅಂಗಳದಲ್ಲಿ ದಪ್ಪ ಹುಬ್ಬಿನ, ಅಗಲ ಭುಜದ ಮುದುಕನೊಬ್ಬ ಗುದ್ದಲಿ ಊರಿಕೊಂಡು ನಿಂತಿದ್ದ. ಕೈಬೀಸಲಿಲ್ಲ.

"ನೀನೂ ಬಂದ್ಯಾ ನೋಡೋಕೆ?" ಎಂದ.

"ಯಾಕೆ, ನೋಡಬಾರದೇ?"

"ನೋಡು, ನೋಡು. ಬರಬೇಡ ಅಷ್ಟೆ." ಅವನು ಬೇಲಿಯಿಲ್ಲದ ಗಡಿಯ ತನಕ ಬಂದು ದನಿ ತಗ್ಗಿಸಿದ. "ಬಿಸಿನೀರು ಅರ್ಧ ಸ್ನಾನಕ್ಕೇ ಮುಗಿದುಹೋಗುತ್ತೆ. ಸಮುದ್ರದ ಗಾಳಿ ಬಂದರೆ ಸೂರಿನ ತಗಡು ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತೆ. ಗೋಡೆಯಲ್ಲಿ ತೇವ. ಆ ಜಾನೀನ್ ನಗ್ತಾಳಲ್ಲ, ಕನ್ನಡಿ ಮುಂದೆ ಅಭ್ಯಾಸ ಮಾಡ್ತಾಳೆ. ನಿನ್ನನ್ನು ನೋಡಿದ್ರೆ ಬುದ್ಧಿವಂತೆ ಅನ್ನಿಸ್ತು, ಅದಕ್ಕೇ ಹೇಳ್ತಿದೀನಿ."

ಅವನ ಹೆಸರು ಕ್ಲಾರಿ ಬೀಟಿ. ಊರಾಚೆಯ ಮಾಂಸದ ಕಾರ್ಖಾನೆಯಲ್ಲಿ ಕುರಿ ಕಡಿಯುತ್ತಿದ್ದವನು. ಐಲ್ಸಾಳಿಗೆ ಅವತ್ತು ಎಷ್ಟು ಹಿತವಾಯಿತೆಂದರೆ, ಅವಳು ಎರಡು ಮೊಟ್ಟೆ ಬೇಯಿಸಿಕೊಂಡು ತಿಂದಳು. ಅಂತೂ ನಿಜ ಹೇಳುವವನೊಬ್ಬ ಸಿಕ್ಕಿದ!

ಆದರೆ ಬಿಸಿನೀರು ಮುಗಿಯಲಿಲ್ಲ. ಸ್ನಾನಕ್ಕೆ ಬಿಟ್ಟಳು, ಪಾತ್ರೆಗೆ ಬಿಟ್ಟಳು, ಕೊನೆಗೆ ಬರಿದೇ ಹರಿಯಲು ಬಿಟ್ಟು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಕೋಣೆಯೆಲ್ಲ ಹಬೆ. ನನಗಾಗಿ ರಿಪೇರಿ ಮಾಡಿಸಿದಾರೆ ಎಂದುಕೊಂಡಳು. ಮರುದಿನ ಸಮುದ್ರದ ಗಾಳಿ ಬೀಸಿತು. ಕಿಟಕಿ ತೆರೆದು ಕಿವಿಗೊಟ್ಟಳು. ತಗಡು ತುಟಿ ಬಿಚ್ಚಲಿಲ್ಲ. ಗೋಡೆಗಳನ್ನು ಮೂಲೆಮೂಲೆಗೂ ಅಂಗೈಯಿಂದ ಸವರಿ ನೋಡಿದಳು. ಅವಳ ಸ್ವಂತ ಮನೆಯ ಗೋಡೆಗಿಂತ ಒಣಗಿದ್ದವು. ಈಗ ಅನುಮಾನ ನಿಧಾನವಾಗಿ ದಿಕ್ಕು ಬದಲಿಸಿತು.

ಶುಕ್ರವಾರ ಸಂಜೆ ಎಲ್ಲರೂ ದೊಡ್ಡ ಹಜಾರದಲ್ಲಿ ಸೇರಿ ಒಂದೊಂದು ಲೋಟ ಶೆರ್ರಿ ವೈನು ಕುಡಿಯುವ ಪದ್ಧತಿ. ಐಲ್ಸಾ ಒಳಗೆ ಕಾಲಿಟ್ಟದ್ದೇ, ಕೆಂಪು ಮುಖದ ಗಂಡಸೊಬ್ಬ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ಅಯ್ಯೋ ದೇವರೇ! ಮಿಸ್ ಮಕ್ರೇ! ಕೊಲೆಮನೆ!"

ಹಜಾರವೆಲ್ಲ ನಕ್ಕಿತು. ಅವನು ಟ್ರೆವರ್ ಗಿಲ್ಲೀಸ್. ಎರಡನೇ ತರಗತಿಯಲ್ಲಿ ಅವಳ ಬೆರಳು ಕಚ್ಚಿ ಓಡಿಹೋಗಿದ್ದವನು, ಈಗ ತಲೆಯಲ್ಲಿ ಒಂದು ಕೂದಲಿಲ್ಲ.

"ಹಲ್ಲು ಉಳಿದಿದಾವೇನೋ?" ಎಂದಳು ಐಲ್ಸಾ.

"ಒಂದೂ ಇಲ್ಲ ಮಿಸ್. ಎಲ್ಲಾ ಕಟ್ಟಿಸಿದ್ದು. ಈಗ ನೀವು ನನಗೆ ಏನೂ ಮಾಡೋಕಾಗಲ್ಲ."

ಇಷ್ಟು ಪ್ರಾಮಾಣಿಕವಾದ ಉತ್ತರ ಟ್ರೆವರ್‌ನಿಂದ ಅವಳು ಕೇಳಿದ್ದು ಅದೇ ಮೊದಲು. ಅವನ ಪಕ್ಕ ಕೂತು, ಪಕ್ಕದ ಮನೆಯ ಕ್ಲಾರಿ ಹೀಗೆ ಹೀಗೆ ಹೇಳಿದ ಎಂದಳು. ಟ್ರೆವರ್ ನಗುವುದನ್ನು ನಿಲ್ಲಿಸಿದ.

"ಆ ಮನೆ ನೋಡೋಕೆ ಬಂದವರಿಗೆಲ್ಲ ಅವನು ಅದನ್ನೇ ಹೇಳೋದು. ಒಬ್ಬಳಂತೂ ಇಲಿ ಇದೆ ಅಂತ ಕೇಳಿ ಚಹಾ ಮುಗಿಸದೆ ಹೋದಳು. ಅದು ವಾಟಿ ಮನೆ ಮಿಸ್. ವಾಟಿ ಸಿಂಕ್ಲೇರ್. ಇಬ್ಬರೂ ಕಾರ್ಖಾನೆಯಲ್ಲಿ ಅಕ್ಕಪಕ್ಕ ನಿಂತು ಕೆಲಸ ಮಾಡಿದವರು. ಇಲ್ಲಿಗೂ ಒಟ್ಟಿಗೇ ಬಂದ್ರು. ಹೋದ ಚಳಿಗಾಲದಲ್ಲಿ ವಾಟಿ ತೀರಿಹೋದ. ಹಿತ್ತಲಲ್ಲಿ ಅವನ ಬೀನ್ಸ್ ಪಾತಿ ಇದೆ ನೋಡಿ, ಈ ಕ್ಲಾರಿ ಈಗಲೂ ಅಗೀತಾನೆ. ಜಾನೀನ್‌ಗೂ ಗೊತ್ತು. ಪಾಪ, ಏನೂ ಅನ್ನಲ್ಲ."

ಐಲ್ಸಾ ಆ ಶೆರ್ರಿಯನ್ನು ಪೂರ್ತಿ ಕುಡಿದಳು. ಮೋಸ ಹಿಡಿದ ಸಂತೋಷ ಯಾವಾಗಲೂ ಬರುವಂತೆ ಬರಲಿಲ್ಲ. ನಗುವವರನ್ನೆಲ್ಲ ಸುಳ್ಳರೆಂದು ತಿಳಿದು, ಮುಖ ಗಂಟಿಕ್ಕಿದ ಒಬ್ಬನನ್ನು ನಂಬಿದ್ದಳು. ಅವನೇ ಸುಳ್ಳು ಹೇಳಿದ್ದ.

ಮರುದಿನ ಬೆಳಿಗ್ಗೆ ಕ್ಲಾರಿ ಪಾತಿಯ ಬಳಿಯೇ ಇದ್ದ.

"ಬಿಸಿನೀರು ಚೆನ್ನಾಗಿ ಬರ್ತಿದೆ," ಎಂದಳು.

ಅವನು ಮಣ್ಣಿನಿಂದ ತಲೆ ಎತ್ತಲಿಲ್ಲ. "ಟ್ರೆವರ್ ಬಾಯಿಬಿಟ್ನಾ?"

"ಬಿಟ್ಟ."

"ಬಂದವರು ಮೊದಲು ಮಾಡೋ ಕೆಲಸ ಇದನ್ನ ಕಿತ್ತು ಗುಲಾಬಿ ನೆಡೋದು. ಎಲ್ಲರಿಗೂ ಗುಲಾಬಿ ಬೇಕು." ಅವನು ಹೆಂಟೆಯೊಂದನ್ನು ಗುದ್ದಲಿಯಿಂದ ಪುಡಿ ಮಾಡಿದ. "ಹೋಗು, ಜಾನೀನ್‌ಗೆ ಹೇಳು."

ಐಲ್ಸಾ ಜಾನೀನ್‌ಗೆ ಏನೂ ಹೇಳಲಿಲ್ಲ. ಬೀಗದ ಕೈ ಹಿಂದಿರುಗಿಸುವಾಗ, "ಈ ಮನೆ ನನಗೆ ಬೇಡ. ಬೇರೆ ಯಾವುದಾದರೂ ಖಾಲಿಯಾದರೆ ಹೇಳಿ," ಎಂದಳು.

"ಬೇರೆ ಖಾಲಿಯಾಗಬೇಕಾದರೆ..." ಎಂದು ಜಾನೀನ್ ಅಲ್ಲಿಗೇ ನಿಲ್ಲಿಸಿದಳು.

"ಗೊತ್ತು, ಗೊತ್ತು. ನನಗೇನೂ ಅವಸರ ಇಲ್ಲ."

ಮನೆಗೆ ಬಂದಳು. ತನ್ನ ಕುರ್ಚಿ, ತನ್ನ ಒಲೆ, ತನ್ನ ಕಿಟಕಿಯಿಂದ ಕಾಣುವ ಬಂದರು. ಎಲ್ಲ ಇದ್ದ ಹಾಗೇ ಇತ್ತು. ಆದರೆ ಹಿತ್ತಲ ಬಾಗಿಲು ತೆರೆದು ಮೆಟ್ಟಿಲ ಮೇಲೆ ಕಾಲಿಡಲು ಹೋದಾಗ, ತನಗೆ ಅರಿವಿಲ್ಲದೆಯೇ ಎರಡೂ ಕೈ ಚೌಕಟ್ಟು ಹಿಡಿದುಕೊಂಡದ್ದನ್ನು ಗಮನಿಸಿದಳು. ಬಿದ್ದ ದಿನದಿಂದಲೂ ಹೀಗೇ ಹಿಡಿಯುತ್ತಿದ್ದಳು. ತಾನು ಹುಟ್ಟಿ ಬೆಳೆದ ಮನೆಯ ಮೆಟ್ಟಿಲು, ಅದನ್ನೇ ಕಳ್ಳನನ್ನು ನೋಡುವಂತೆ ನೋಡುತ್ತಿದ್ದಳು. ಅವತ್ತು ಇದ್ದಲು ತರಲಿಲ್ಲ. ಕೋಟು ತೊಟ್ಟು ಚಳಿಯಲ್ಲೇ ಕೂತಳು.

ಎರಡು ವಾರ ಕಳೆದ ಮೇಲೆ ಅವಳ ಗೇಟಿನ ಮುಂದೆ ಟ್ಯಾಕ್ಸಿಯೊಂದು ನಿಂತಿತು. ಕ್ಲಾರಿ ಬೀಟಿ ಇಳಿದ. ಟೈ ಕಟ್ಟಿಕೊಂಡಿದ್ದ. ಒಳಗೆ ಬರುವ ಮುಂಚೆ ಮನೆಯನ್ನು ಬುಡದಿಂದ ಸೂರಿನವರೆಗೆ ಅಳೆಯುವ ಹಾಗೆ ನೋಡಿದ.

"ಏನು ಕೊರತೆ?" ಎಂದ.

"ಯಾವುದಕ್ಕೆ?"

"ವಾಟಿ ಮನೆಗೆ. ಬೇಡ ಅಂದೆಯಂತೆ. ಬೇರೆ ಯಾವುದಾದರೂ ಕೊಡಿ ಅಂದೆಯಂತೆ. ಅದರಲ್ಲಿ ಏನು ತಪ್ಪು ಕಂಡಿತು ನಿಂಗೆ?"

ಐಲ್ಸಾ ಅವನನ್ನೇ ದಿಟ್ಟಿಸಿದಳು. ಇದೂ ಏನಾದರೂ ಹೂಟವೇ? "ನೀನೇ ಹೇಳಿದ್ಯಲ್ಲ, ಗೋಡೆಯಲ್ಲಿ ತೇವ ಅಂತ."

"ತೇವ!" ಕ್ಲಾರಿಯ ಕುತ್ತಿಗೆ ಕೆಂಪಾಯಿತು. "ಆ ಸಾಲಿನಲ್ಲೇ ಅಷ್ಟು ಒಣಗಿದ ಮನೆ ಇನ್ನೊಂದಿಲ್ಲ. ಬೆಳಗಿನ ಬಿಸಿಲು ಅಡಿಗೆಮನೆಗೆ ಬಂದು ಬೀಳುತ್ತೆ. ವಾಟಿ ಅಲ್ಲೇ ಕೂತು ಪೇಪರ್ ಓದ್ತಿದ್ದ. ನಾನು ಸುಳ್ಳು ಹೇಳಿದ್ದು ಕಣೇ. ಇಲ್ಲಿ ನೋಡು, ನಿನ್ನ ಗೋಡೆ ನೋಡು! ಅಣಬೆ ಬೆಳೀಬಹುದು ಇದರಲ್ಲಿ."

"ನನ್ನ ಗೋಡೆ ವಿಷಯಕ್ಕೆ ಬರಬೇಡ."

"ಬರ್ತೀನಿ. ಇಂಥಾ ಮನೆಯಲ್ಲಿ ಕೂತು ವಾಟಿ ಮನೆ ಬೇಡ ಅಂತೀಯಾ?"

ಅವಳು ಕೆಟಲ್ ಒಲೆಯ ಮೇಲಿಟ್ಟಳು, ಅವನು ಬೇಡವೆನ್ನಲಿಲ್ಲ. ಚಹಾ ಕುಡಿಯುತ್ತ ಅವನ ಸಿಟ್ಟು ಇಳಿಯಿತು. ಇಳಿದ ಮೇಲೆ ಮುಖ ಸಣ್ಣದಾಯಿತು. "ಖಾಲಿ ಮನೆಗೆ ದಿನಾ ಬೆಳಿಗ್ಗೆ 'ಏನಪ್ಪಾ' ಅಂತೀನಿ," ಎಂದ ಲೋಟದೊಳಗೆ ನೋಡುತ್ತ. "ನೀನು ಇದ್ದ ನಾಲ್ಕು ದಿನ ಒಳಗೆ ದೀಪ ಇತ್ತು."

ಐಲ್ಸಾ ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು. ಆಮೇಲೆ, "ನಾನು ಒಳ್ಳೆ ನೆರೆಯವಳಲ್ಲ. ಜಗಳಗಂಟಿ," ಎಂದಳು.

"ಕಂಡೆನಲ್ಲ."

"ಬೀನ್ಸ್ ನನಗೆ ಸೇರಲ್ಲ."

"ನಿಂಗೆ ಯಾರು ಕೊಡ್ತಾರೆ?"

ಮರುವರ್ಷ ಏಪ್ರಿಲ್‌ನಲ್ಲಿ ಅವಳು ರಾಟಾ ಡೌನ್ಸ್‌ಗೆ, ವಾಟಿ ಮನೆಗೇ ಬಂದಳು. ಹಳೆಯ ಮನೆಯನ್ನು ಚಿಕ್ಕ ಮಕ್ಕಳಿದ್ದ ಒಂದು ಸಂಸಾರ ಕೊಂಡಿತು. ಆ ಬೀದಿಯಲ್ಲಿ ಹೋಗಬೇಡವೆಂದು ಅವಳು ರೇವಿನ್‌ಗೆ ತಾಕೀತು ಮಾಡಿದಳು, ರೇವಿನ್ ಸುತ್ತುಬಳಸಿ ಕಾರು ಓಡಿಸುತ್ತಾಳೆ. ಹೊಸ ಮನೆಯಲ್ಲಿ ಮೊದಲ ತಿಂಗಳು ಐಲ್ಸಾಳಿಗೆ ನಿದ್ದೆ ಹತ್ತಲಿಲ್ಲ. ಕ್ಲಾರಿಯೊಂದಿಗೆ ಕಸದ ಡಬ್ಬಿಯ ವಿಷಯಕ್ಕೆ ಮಾತು ಬಿಟ್ಟು, ಹದಿನೈದು ದಿನ ಇಬ್ಬರೂ ಟ್ರೆವರ್ ಮೂಲಕ ಹೇಳಿಕಳಿಸಿಕೊಂಡರು. ಆಮೇಲೆ ಕ್ಲಾರಿಗೆ ಜ್ವರ ಬಂದಾಗ ಇವಳೇ ಹೋಗಿ ಸೂಪು ಮಾಡಿಕೊಟ್ಟಳು. ಉಪ್ಪು ಕಡಿಮೆ ಎಂದು ಅವನು ಆಕ್ಷೇಪಿಸಿದ.

ಈಗ ಅವಳು ಅಲ್ಲಿಗೆ ಬಂದು ಮೂರನೇ ವರ್ಷ. ಮೊನ್ನೆ ರೇವಿನ್ ಬಂದವಳು, ಅಡಿಗೆಮನೆಯ ಬಿಸಿಲಿನಲ್ಲಿ ಕೂತು, "ಅಂತೂ ಒಗ್ಗಿಹೋಯ್ತು ಅಲ್ವಾ ಅತ್ತೆ?" ಎಂದಳು.

"ನಾನೆಲ್ಲಿ ಒಗ್ಗಿದೀನಿ ಅಂದೆ? ಇನ್ನೂ ನೋಡ್ತಾ ಇದೀನಿ," ಎಂದಳು ಐಲ್ಸಾ.

ಅಷ್ಟರಲ್ಲಿ ಕ್ಲಾರಿ ಬಾಗಿಲು ತಟ್ಟದೆಯೇ ಒಳಗೆ ಬಂದ. ಕೈಯಲ್ಲಿ ಕಾಗದ ಸುತ್ತಿದ ಬಿಸಿಬಿಸಿ ಕರಿದ ಮೀನು. ಮೂರನೆಯ ಕುರ್ಚಿಯ ಮೇಲಿದ್ದ ರೇವಿನ್‌ಳ ಚೀಲವನ್ನು ಎತ್ತಿ ನೆಲದ ಮೇಲಿಟ್ಟು ಕೂತ.