ಕಾಲು ತೊಳೆದ ಗುರುವಾರ

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ನಾವು ಲಂಡನ್ನಿನ ಹೌನ್ಸ್ಲೋದಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆವು. ಎರಡು ಕೋಣೆ, ಒಂದು ಪುಟ್ಟ ಅಡುಗೆಮನೆ, ಅಷ್ಟೇ. ಹೀಥ್ರೋದಲ್ಲಿ ಇಳಿಯುವ ವಿಮಾನಗಳು ನಮ್ಮ ಮಾಡಿನ ಮೇಲೆಯೇ ಹಾದುಹೋಗುವಾಗ ಅಮ್ಮನ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅಪ್ಪನಿಗೆ ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ಕೆಲಸ. ನಮ್ಮದು ಉಡುಪಿ ಕಡೆಯ ಕ್ಯಾಥೊಲಿಕ್ ಕುಟುಂಬ. ಮನೆಯಲ್ಲಿ ಕೊಂಕಣಿಯೂ ಕನ್ನಡವೂ ಕಲಸಿಕೊಂಡೇ ಇರುತ್ತಿದ್ದವು.

ಕೆಳಗಿನ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದರು. ಕೆನಡಾದ ಗೋಧಿ ಬಯಲಿನ ಕಡೆಯವರು. ನಾವು ಮೊದಲ ದಿನ ಪೆಟ್ಟಿಗೆ ಹೊತ್ತುಕೊಂಡು ಬಾಗಿಲಲ್ಲಿ ನಿಂತಾಗ ಬೆಳ್ಳಿಕೂದಲಿನ ಆ ಬಿಳಿಯ ಅಜ್ಜಿ, "ಒಳಗ ಬರ್ರಿ. ಊಟ ಆತೇನವ್ವಾ?" ಎಂದು ಕೇಳಿದರು. ಅಮ್ಮನ ಕೈಯಿಂದ ಚೀಲ ಜಾರಿ ಬಿತ್ತು! ಅಜ್ಜಿ ರಾಯಚೂರಿನ ಆಚೆ, ತೆಲುಗು ಗಡಿಯ ಒಂದು ಮಿಶನ್ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ನರ್ಸಾಗಿದ್ದವರು. ಅಜ್ಜ ಅಲ್ಲಿಯೇ ಮಕ್ಕಳಿಗೆ ಮರಗೆಲಸ ಕಲಿಸುತ್ತಿದ್ದರಂತೆ. ಅವರ ಗಡಿನಾಡಿನ ಕನ್ನಡ ಕರಾವಳಿಯ ಅಮ್ಮನಿಗೆ ಅರ್ಧಂಬರ್ಧ ಮಾತ್ರ ತಿಳಿಯುತ್ತಿತ್ತು. "ಅವರು ಎಂತ ಹೇಳಿದ್ದು ಮಾರಾಯ್ತಿ?" ಎಂದು ಅಮ್ಮ ನನ್ನ ಅಕ್ಕನನ್ನು ಮೆಲ್ಲಗೆ ಕೇಳುತ್ತಿದ್ದಳು.

ಅವರಿಬ್ಬರೂ ಮೆನೊನೈಟ್ ಎಂಬ ಪಂಗಡದ ಕ್ರೈಸ್ತರು. ಅವರಲ್ಲಿ ಎಳೆಯ ಮಗುವಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ದೊಡ್ಡವರಾಗಿ ತಾವೇ ಕೇಳಿಕೊಂಡವರಿಗೆ ಮಾತ್ರ ಕೊಡುತ್ತಾರೆ. ಅವರು ಆಣೆ ಇಡುವುದಿಲ್ಲ, ಏನೇ ಆದರೂ ಕೋವಿ ಹಿಡಿಯುವುದಿಲ್ಲ. ಭಾನುವಾರ ಅವರ ಮುಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಸೇರಿ, ಯಾವ ವಾದ್ಯವೂ ಇಲ್ಲದೆ, ನಾಲ್ಕು ಬಗೆಯ ದನಿಗಳಲ್ಲಿ ಹಾಡುತ್ತಿದ್ದರು. ನಾನು ನಮ್ಮ ಕೋಣೆಯ ನೆಲಕ್ಕೆ ಕಿವಿಯಿಟ್ಟು ಮಲಗುತ್ತಿದ್ದೆ. ಗಂಡಸರ ದಪ್ಪ ದನಿಗೆ ಹಲಗೆ ನಡುಗಿ ಕೆನ್ನೆಗೆ ಕಚಗುಳಿಯಾಗುತ್ತಿತ್ತು.

"ಪಾಪ, ಆ ಮನೆಯಲ್ಲಿ ಮೇರಿಯಮ್ಮನ ಒಂದು ಪಟವೂ ಇಲ್ಲ" ಎಂದು ಅಮ್ಮ ಮರುಗುತ್ತಿದ್ದಳು. ನನಗೆ ಅದರ ಚಿಂತೆ ಇರಲಿಲ್ಲ. ಅಲ್ಲಿ ಶುಂಠಿ ಬಿಸ್ಕೀಟು ಇತ್ತಲ್ಲ! ಒಮ್ಮೆ ಬಿಸ್ಕೀಟು ಕೊಡುತ್ತಾ ಅಜ್ಜಿ, "ನಾಕುನೂರು ವರ್ಷದ ಹಿಂದ ನಿಮ್ಮ ಚರ್ಚಿನವರು, ಉಳಿದ ಚರ್ಚಿನವರು, ಎಲ್ಲಾರೂ ನಮ್ಮವರನ್ನ ಹಿಡಿದು ನೀರಾಗ ಮುಳುಗಿಸಿ ಕೊಲ್ತಿದ್ರು" ಎಂದರು. ನನ್ನ ಬಾಯಿ ಅರ್ಧದಲ್ಲೇ ನಿಂತಿತು. ಅಜ್ಜಿ ನಕ್ಕು, "ನೀ ಮುಳುಗಿಸಿಲ್ಲಲ್ಲ? ಇನ್ನೊಂದು ತಗೋ" ಎಂದರು.

ಇಂಥ ಮನೆಯಲ್ಲಿ ಜಗಳವಾದದ್ದು ನನ್ನ ಬಾಯಿಂದ.

ಅಪ್ಪ ಲಂಡನ್ನಿಗೆ ಬರುವ ಮೊದಲು ಸೈನ್ಯದಲ್ಲಿದ್ದವರು. ಅವರ ಜೀವದ ಗೆಳೆಯ ಗಡಿಯಲ್ಲಿ ಅವರ ಪಕ್ಕದಲ್ಲೇ ಸತ್ತಿದ್ದ. ಆ ವಿಷಯವನ್ನು ಅಪ್ಪ ನಮ್ಮ ಹತ್ತಿರ ಮಾತಾಡುತ್ತಿರಲಿಲ್ಲ. ಆದರೆ ಕೆಳಗಿನ ಅಜ್ಜ ಹರೆಯದಲ್ಲಿ ಮಹಾಯುದ್ಧಕ್ಕೆ ಹೋಗಲು ಒಪ್ಪಿರಲಿಲ್ಲ ಎಂದು ಗೊತ್ತಾದ ದಿನ ಊಟಕ್ಕೆ ಕೂತಾಗ, "ಎಲ್ಲರೂ ಹಾಗೆ ಕೈಕಟ್ಟಿ ಕೂತರೆ ಗಡಿ ಕಾಯುದು ಯಾರು? ಪುಕ್ಕಲರು!" ಎಂದುಬಿಟ್ಟರು. ಮರುದಿನ ನಾನು ಅಜ್ಜನ ಮುಂದೆ ನಿಂತು, "ಅಪ್ಪ ನಿಮ್ಮನ್ನು ಪುಕ್ಕಲ ಅಂತಾರೆ. ಹೌದಾ?" ಎಂದು ಕೇಳಿದೆ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದೆ.

ಆ ಸಂಜೆ ಅಪ್ಪ ಕೆಲಸದಿಂದ ಬರುವುದನ್ನೇ ಅಜ್ಜ ಬಾಗಿಲಲ್ಲಿ ಕಾದರು. "ನೀವು ನನಗ ಪುಕ್ಕಲ ಅಂದಿರೇನು?" ಎಂದು ಕೇಳಿದರು. ಅಪ್ಪನೂ "ಹೌದು, ಹೇಳಿದೆ" ಎಂದರು. ಅಜ್ಜನ ಮುಖ ಕೆಂಪಾಯಿತು. "ಮಂದೀನ ಕೊಂದು ಪದಕ ತಗೊಳ್ಳೋದಕ್ಕಿಂತ ಪುಕ್ಕಲ ಆಗೋದು ಛಲೋ" ಎಂದರು. ಅಪ್ಪ ಧಡಧಡನೆ ಮೆಟ್ಟಿಲು ಹತ್ತಿದರು. ಅಲ್ಲಿಗೆ ಎಲ್ಲ ನಿಂತುಹೋಯಿತು. ನಾನು ಕೆಳಗೆ ಹೋಗುವಂತಿರಲಿಲ್ಲ. ಅಪ್ಪ ಹತ್ತಿರದ ಹೇಸ್ ಎಂಬ ಬಡಾವಣೆಯಲ್ಲಿ ಬೇರೆ ಮನೆ ನೋಡಿದರು. ಈಸ್ಟರ್ ಕಳೆದ ಕೂಡಲೇ ಹೊರಡುವುದೆಂದು ನಿಶ್ಚಯವಾಗಿ ಕೋಣೆ ತುಂಬ ರಟ್ಟಿನ ಪೆಟ್ಟಿಗೆಗಳು ಬಂದವು. ಒಂದು ತಿಂಗಳು ನಾನು ಆ ಪೆಟ್ಟಿಗೆಗಳನ್ನು ನೋಡುತ್ತಾ, ಇದೆಲ್ಲ ನನ್ನಿಂದಲೇ ಆದದ್ದೆಂದು ಒಳಗೊಳಗೇ ಕೊರಗಿದೆ.

ಹಾಗೆ ಈಸ್ಟರಿಗೆ ಮೂರು ದಿನ ಮೊದಲಿನ ಪವಿತ್ರ ಗುರುವಾರ ಬಂತು. ಯೇಸು ಸ್ವಾಮಿ ಶಿಷ್ಯರ ಕಾಲು ತೊಳೆದ ದಿನ ಅದು. ನಮ್ಮ ಚರ್ಚಿನಲ್ಲಿ ಸಂಜೆಯ ಪೂಜೆಯ ಹೊತ್ತಿಗೆ ಪಾದ್ರಿಗಳು ಹನ್ನೆರಡು ಗಂಡಸರ ಕಾಲು ತೊಳೆಯುತ್ತಾರೆ. ಆ ವರ್ಷ ಹನ್ನೆರಡರಲ್ಲಿ ಒಬ್ಬರು ನಮ್ಮ ಅಪ್ಪ! ಅಮ್ಮ ಹೊಸ ಸಾಕ್ಸ್ ತಂದು ಇಸ್ತ್ರಿ ಕೂಡ ಮಾಡಿಟ್ಟಿದ್ದಳು. ಸಾಕ್ಸಿಗೆ ಇಸ್ತ್ರಿ ಹಾಕಿದ್ದನ್ನು ನಾನು ಆಮೇಲೆಂದೂ ನೋಡಿಲ್ಲ.

ಮಧ್ಯಾಹ್ನ ಅಪ್ಪ ಪಾಳಿ ಮುಗಿಸಿ ಬಂದು, ಬೂಟು ಕಳಚಿ, ಚಹಾ ಹಿಡಿದು ಕೂತಿದ್ದರು. ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಯ ಸದ್ದು, ನೀರು ತುಳುಕುವ ಸದ್ದು ಕೇಳಿಸಿತು. ಬಾಗಿಲು ತೆರೆದರೆ ಅಜ್ಜ! ಕೈಯಲ್ಲಿ ಬಿಸಿನೀರು ತುಂಬಿದ, ದಂತದ ಬಣ್ಣದ ಬೋಗುಣಿ, ಹೆಗಲ ಮೇಲೆ ಟವೆಲು, ಹಿಂದೆ ಏದುಸಿರು ಬಿಡುತ್ತಾ ಅಜ್ಜಿ. ಅಜ್ಜ ಬೋಗುಣಿಯನ್ನು ಅಪ್ಪನ ಮುಂದಿಟ್ಟು ಒಂದೊಂದೇ ಮೊಣಕಾಲೂರಿ ಕೂತರು.

"ಇವತ್ತು ಸಂಜಿಗೆ ನಾವೂ ಯೇಸುವಿನ ನೆನಪಿಗೆ ಕೂಡಿ ರೊಟ್ಟಿ ಮುರೀತೀವಿ, ಒಬ್ಬರ ಕಾಲು ಒಬ್ಬರು ತೊಳೀತೀವಿ" ಎಂದರು. "ನಿಮ್ಮ ಕೂಡ ಜಗಳ ಇಟಗೊಂಡು ನಾ ಹ್ಯಾಂಗ ಕೂಡಲಿ? ನಾ ಆಡಿದ್ದು ಕೆಟ್ಟ ಮಾತು. ನಿಮಗ ಕ್ಷಮಿಸೋಕಾದ್ರ, ಕಾಲು ಕೊಡ್ರಿ."

"ಎಂತ ಮಾಡ್ತಾ ಇದ್ದೀರಿ ನೀವು? ಏಳಿ, ಏಳಿ!" ಎಂದು ಅಪ್ಪ ಎದ್ದು ನಿಂತರು. ಆಗಲೇ ಎಲ್ಲರ ಕಣ್ಣೂ ಅಪ್ಪನ ಕಾಲಿನತ್ತ ಹೋಯಿತು. ಹಳೆಯ ಸಾಕ್ಸಿನ ತೂತಿನಿಂದ ಹೆಬ್ಬೆರಳು ಪೂರ್ತಿ ಹೊರಗೆ ಬಂದು ನಿಂತಿತ್ತು. "ಓ ಗಾಡ್, ದ ಸಾಕ್ಸ್!" ಎಂದು ಅಕ್ಕ ಪಿಸುಗುಟ್ಟಿದಳು. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಪ್ಪ ಆ ಹೆಬ್ಬೆರಳನ್ನು ನೋಡಿದರು, ಅಜ್ಜನನ್ನು ನೋಡಿದರು, ಆಮೇಲೆ ಮೆಲ್ಲಗೆ ಕೂತು ಸಾಕ್ಸ್ ಕಳಚಿದರು.

ಅಜ್ಜ ಎರಡೂ ಕಾಲು ತೊಳೆದು, ಬೆರಳ ಸಂದಿಯನ್ನೂ ಬಿಡದೆ ಒರೆಸಿದರು. ಮುಗಿದ ಮೇಲೆ ಅಪ್ಪ, "ಇನ್ನು ನೀವು ಕೂತುಕೊಳ್ಳಿ. ನಾನೂ ಹೇಳಬಾರದ್ದು ಹೇಳಿದ್ದೇನೆ" ಎಂದು ತಾವು ನೆಲಕ್ಕೆ ಕೂತರು. ಅಜ್ಜನ ಉಣ್ಣೆಯ ಕಾಲುಚೀಲ ಎಳೆದ ಅಪ್ಪನ ಕೈ ಹಾಗೆಯೇ ನಿಂತಿತು. ಎಡಗಾಲಿನಲ್ಲಿ ಎರಡು ಬೆರಳುಗಳೇ ಇರಲಿಲ್ಲ.

ಅಜ್ಜಿ ಹೇಳಿದರು. ಆ ಮಹಾಯುದ್ಧ ಮುಗಿದ ಚಳಿಗಾಲದಲ್ಲಿ ಅಜ್ಜ ಸೋತ ದೇಶಕ್ಕೆ, ಅಂದರೆ ಶತ್ರುಗಳಾಗಿದ್ದವರ ಊರಿಗೇ, ಮಕ್ಕಳಿಗೆ ಹಾಲಿನ ಪುಡಿ ಸಾಗಿಸುತ್ತಿದ್ದರಂತೆ. ಲಾರಿ ಹಿಮದಲ್ಲಿ ಹೂತಾಗ ಮೂಟೆಯನ್ನು ಬೆನ್ನಿಗೆ ಕಟ್ಟಿಕೊಂಡು ಹನ್ನೆರಡು ಮೈಲಿ ನಡೆದರಂತೆ. ಮಕ್ಕಳು ಹಾಲು ಕುಡಿದರು, ಅಜ್ಜನ ಎರಡು ಬೆರಳುಗಳು ಹಿಮಕ್ಕೆ ಮರಗಟ್ಟಿ ಹೋದವು.

ಅಪ್ಪ ತಲೆ ಎತ್ತಲಿಲ್ಲ. ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ತೊಳೆದರು. ಅಷ್ಟರಲ್ಲಿ ಅಜ್ಜ, "ನಿಮ್ಮ ಗೆಳೆಯ ಗಡಿಯಾಗ ತೀರಿಕೊಂಡ್ರಂತ, ನಿಮ್ಮ ಮನಿಯವರು ಹೇಳಿದ್ರು. ಹ್ಯಾಂಗಿದ್ರು ಅವರು? ಹೇಳ್ರಿ" ಎಂದು ಕೇಳಿದರು. ಅದನ್ನು ಅಪ್ಪನ ಹತ್ತಿರ ಅದುವರೆಗೆ ಯಾರೂ ಕೇಳಿರಲಿಲ್ಲ. ಅಪ್ಪ ಹೇಳತೊಡಗಿದರು: ಅವನು ಎಷ್ಟು ಚೆನ್ನಾಗಿ ಸೀಟಿ ಹಾಕುತ್ತಿದ್ದ, ಬೇರೆಯವರ ಚಪಾತಿ ಹೇಗೆ ಕದಿಯುತ್ತಿದ್ದ ಎಂದು. ಹೇಳುತ್ತಾ ನಕ್ಕರು, ಅತ್ತರು. ಬೋಗುಣಿಯ ನೀರು ತಣ್ಣಗಾಯಿತು.

ಅವರ ಪಂಗಡದ ಪದ್ಧತಿಯಂತೆ ಕೊನೆಗೆ ಅಜ್ಜ ಅಪ್ಪನನ್ನು ತಬ್ಬಿಕೊಂಡರು. ತಬ್ಬಿಕೊಂಡು ಅಭ್ಯಾಸವಿಲ್ಲದ ಅಪ್ಪ ಕವಾಯತಿನಲ್ಲಿ ನಿಂತ ಹಾಗೆ ನೆಟ್ಟಗೆ ನಿಂತಿದ್ದರು. ಆಗಲೇ ನನಗೆ ಅಳು ಒತ್ತಿ ಬಂತು. "ನಾನು ಹೇಳಿದ್ದರಿಂದ ಜಗಳ ಆದದ್ದು" ಎಂದು ಬಿಕ್ಕಿದೆ. ಅಪ್ಪ ನನ್ನನ್ನು ಎತ್ತಿಕೊಂಡು, "ನೀನು ಹೇಳಿದ್ದು ನನ್ನ ಮಾತನ್ನು ಮಗಾ. ತಪ್ಪು ನಂದು" ಎಂದರು.

ಸಂಜೆ ಚರ್ಚಿಗೆ ಹೋದಾಗ ಅಪ್ಪ ಹೆದರುತ್ತಲೇ ಪಾದ್ರಿಗಳಿಗೆ ವಿಷಯ ತಿಳಿಸಿದರು. ಬೇರೆ ಪಂಗಡದವರಿಂದ ಕಾಲು ತೊಳೆಸಿಕೊಂಡದ್ದು ಸರಿಯೋ ತಪ್ಪೋ ಅಪ್ಪನಿಗೆ ಗೊತ್ತಿರಲಿಲ್ಲ. ಐರಿಷ್ ಪಾದ್ರಿಗಳು ಗಹಗಹಿಸಿ ನಕ್ಕು, "ಹಾಗಾದರೆ ನನ್ನ ಕೆಲಸ ಹಗುರವಾಯಿತು" ಎಂದರು. ಆ ದಿನ ಇಡೀ ಲಂಡನ್ನಿನಲ್ಲಿ ನಮ್ಮ ಅಪ್ಪನಷ್ಟು ಚೊಕ್ಕ ಕಾಲಿನವರು ಯಾರೂ ಇದ್ದಿರಲಾರರು.

ನಾವು ಹೇಸ್‌ಗೆ ಹೋಗಲಿಲ್ಲ. ಆಮೇಲೂ ಅಪ್ಪ ಪದಕಗಳನ್ನು ಉಜ್ಜಿ ಹೊಳಪಿಸುತ್ತಿದ್ದರು, ಅಜ್ಜ ಯುದ್ಧವೇ ತಪ್ಪು ಎನ್ನುತ್ತಿದ್ದರು. ಇಬ್ಬರೂ ಅದರ ಬಗ್ಗೆ ಚಹಾ ಆರಿಹೋಗುವ ತನಕ ವಾದ ಮಾಡುತ್ತಿದ್ದರು. ಮರುವಾರವೂ ಮಾಡುತ್ತಿದ್ದರು.

ನನ್ನ ಮೊಮ್ಮಕ್ಕಳು ಈಗ ಲಂಡನ್ನಿನದೇ ಹ್ಯಾರೋದಲ್ಲಿ ಬೆಳೆಯುತ್ತಿದ್ದಾರೆ. ಅವರ ಕ್ಲಾಸಿನಲ್ಲಿ ಎಲ್ಲ ಬಗೆಯ ಚರ್ಚಿನ ಮಕ್ಕಳೂ ಇದ್ದಾರೆ, ದೇವಸ್ಥಾನಕ್ಕೆ, ಮಸೀದಿಗೆ ಹೋಗುವವರೂ ಇದ್ದಾರೆ. ಯಾರ ಹುಟ್ಟುಹಬ್ಬಕ್ಕೆ ಹೋಗಬಹುದು ಎಂದು ಯಾರೂ ಯೋಚಿಸುವುದಿಲ್ಲ. ಅದನ್ನು ಕಂಡರೆ ನನಗೆ ತುಂಬ ಸಂತೋಷ. ಆದರೆ ಅವರ ಜಗಳಗಳೆಲ್ಲ ಫೋನಿನೊಳಗೆ ನಡೆಯುತ್ತವೆ. ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಎದುರಿಗಿನವರು ಮಾಯ. ನನ್ನ ಮೊಮ್ಮಗಳು ತನ್ನ ಗೆಳತಿಯನ್ನು ಹಾಗೆ ಮಾಯಮಾಡಿ ಮೂರು ವಾರವಾಗಿತ್ತು. ಕಳೆದ ಶನಿವಾರ ಅವಳಿಗೆ ಈ ಕತೆ ಹೇಳಿದೆ. "ದಟ್ಸ್ ಡಿಫರೆಂಟ್, ಅಜ್ಜಿ" ಎಂದಳು, ಅಷ್ಟೇ.

ಭಾನುವಾರ ಪೂಜೆ ಮುಗಿಸಿ ಬರುವಾಗ ಒಂದು ಬೀದಿಯ ತಿರುವಿನಲ್ಲಿ ಅವಳು, "ಡ್ಯಾಡ್, ಇಲ್ಲಿ ಸ್ವಲ್ಪ ನಿಲ್ಲಿಸ್ತೀಯಾ?" ಎಂದಳು, ಅದೂ ಕನ್ನಡದಲ್ಲಿ. ಇಳಿದು ಹೋಗಿ ಒಂದು ಹಸಿರು ಬಾಗಿಲಿನ ಬೆಲ್ ಒತ್ತಿದಳು. ಬಾಗಿಲು ತೆರೆಯಿತು. ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಕಾರಿನ ಕಿಟಕಿ ಮುಚ್ಚಿತ್ತು, ನನಗೆ ಒಂದು ಮಾತೂ ಕೇಳಿಸಲಿಲ್ಲ. ಆಮೇಲೆ ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿಕೊಂಡಿತು.

ನನ್ನ ಅಳಿಯ ಐದು ನಿಮಿಷ ಕಾದು, ನಕ್ಕು, ಕಾರಿನ ಇಂಜಿನ್ ಆರಿಸಿದ.