ಮೆಲಿಸ್ ಕೆಡಿಸಿದ ಕಾರುಗಳು

ಬಿಷ್ಕೆಕ್‌ನ ಕಾರು ಸಂತೆಯಲ್ಲಿ ಗುಲ್ಸುನಳ ಗಂಡನದೊಂದು ಅಂಗಡಿಯಿತ್ತು, ಸರಕು ಸಾಗಿಸುವ ಹಳೆಯ ಕಬ್ಬಿಣದ ಕಂಟೇನರಿನೊಳಗೆ. ಹೆಸರು ಗಂಡನದು, ಕೆಲಸ ಇವಳದು. ಜಪಾನಿನಿಂದ ಬರುವ ಕಾರುಗಳಲ್ಲಿ ದಾರಿ ತೋರಿಸುವ ಪರದೆಯ ಒಂದಕ್ಷರವೂ ನಮ್ಮ ಚಾಲಕರಿಗೆ ಓದಲು ಬಾರದು. ಗಾಡಿ ಶುರು ಮಾಡಿದಾಗಲೆಲ್ಲ ಪರದೆಯೊಳಗಿಂದ ಯಾವಳೋ ಜಪಾನಿ ಹೆಂಗಸಿನ ದನಿ ಏನೋ ಕಾರ್ಡ್ ಹಾಕಿಲ್ಲವೆಂದು ಗೊಣಗುತ್ತದೆ. ಆ ಪರದೆಗಳಿಗೆ ನಮಗೆ ಓದಲು ಬರುವ ರಷ್ಯನ್ ಕೂರುತ್ತಿರಲಿಲ್ಲ, ಇಂಗ್ಲಿಷ್ ಕೂರುತ್ತಿತ್ತು. ಹಿಂದೆ ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದ ಗುಲ್ಸುನ್, ಕೆಟ್ಟ ಪೆಟ್ಟಿಗೆಗಳನ್ನು ಬಿಚ್ಚಿ ಬಿಚ್ಚಿ ಪರದೆಯನ್ನು ಇಂಗ್ಲಿಷಿಗೆ ತಿರುಗಿಸುವ ವಿದ್ಯೆ ಕಲಿತಳು. ಮೈದುನ ಮೆಲಿಸನಿಗೂ ಕಲಿಸಿದಳು.

ಗಂಡ ತೀರಿಕೊಂಡ ನಲವತ್ತನೆಯ ದಿನದ ಊಟ ಮುಗಿಸಿ ಹೋದರೆ ಅಂಗಡಿಗೆ ಹೊಸ ಬೀಗ. ಮೆಲಿಸ್ ಕೀಲಿ ತಿರುಗಿಸುತ್ತ ನಿಂತಿದ್ದ.

"ಅತ್ತಿಗೆ, ಇನ್ಮೇಲೆ ನೀವು ಮನೇಲಿರಿ. ಹೆಂಗಸರ ಕೈಗೆ ಹಿಟ್ಟು ನಾದೋದೇ ಚೆಂದ."

ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳೇನೋ. ಅವನು ಹಾಳಾದ ಗಾಡಿಗಳೆಲ್ಲ ಅತ್ತಿಗೆಯ ಕೈಗುಣವೆಂದು ಸಂತೆಯ ತುಂಬ ಹೇಳಿಕೊಂಡು ತಿರುಗಿದ. ಟೀ ಮಾರುವವಳೂ ಅವಳನ್ನು ಕಂಡರೆ ಮುಖ ತಿರುಗಿಸತೊಡಗಿದಳು.

ಗುಲ್ಸುನ್ ತನ್ನ ತಾಯಿ ಕೊಟ್ಟ ಬೆಳ್ಳಿ ಬಳೆ ಮಾರಿ, ಮೆಲಿಸನ ಬಾಗಿಲಿಗೆ ಸರಿಯಾಗಿ ಎದುರಿನ ಕಂಟೇನರ್ ಬಾಡಿಗೆಗೆ ಹಿಡಿದಳು. ನಾನು ಪಕ್ಕದಲ್ಲೇ ಟೈರು ಮಾರುವವನು, ದಿನವೂ ನೋಡುತ್ತಿದ್ದೆ: ಒಬ್ಬ ಗಿರಾಕಿಯಿಲ್ಲ. ಅವಳು ಚಳಿಗಾಲಕ್ಕೆ ಕಾದಳು. ಮೈದುನನ ಆತುರ ಅವಳಿಗೆ ಗೊತ್ತಿತ್ತು. ಅಕ್ಷರ ಮಾತ್ರ ಬದಲಿಸಿ, ಪರದೆಯ ಬೀಗ ತೆಗೆಯುವ ಕೊನೆಯ ಕೆಲಸ ಬಿಟ್ಟು ಗಾಡಿ ಕಳಿಸುತ್ತಿದ್ದ. ಬ್ಯಾಟರಿ ಸತ್ತರೆ ಅಂಥ ಪರದೆ ಮತ್ತೆ ಜಪಾನಿ ಭಾಷೆಗೆ ತಿರುಗಿ, ಗುಟ್ಟಿನ ಸಂಖ್ಯೆ ಕೇಳುತ್ತ ಕೂರುತ್ತದೆ. ಮೊದಲ ಹಿಮಕ್ಕೇ ಬ್ಯಾಟರಿಗಳು ಒಂದರ ಹಿಂದೊಂದು ಸತ್ತವು.

ಗುಲ್ಸುನ್ ಬೋರ್ಡ್ ಬರೆಸಿದಳು: ‘ಮೆಲಿಸ್ ಕೆಡಿಸಿದ ಕಾರುಗಳನ್ನು ಇಲ್ಲಿ ಸರಿಮಾಡಲಾಗುವುದು.’ ಬಂದ ಗಾಡಿಗಳನ್ನೆಲ್ಲ ಅವನ ಬಾಗಿಲಿಗೆ ಮೂತಿ ಮಾಡಿ ನಿಲ್ಲಿಸಿದಳು. ಬೋರ್ಡ್ ಇಳಿಸಲು ಅವನು ಹೇಳಿಕಳಿಸಿದ. ಇನ್ನೂ ದೊಡ್ಡದು ಬರೆಸಿದಳು. ಅತ್ತೆಯೇ ಬಂದು ಬೇಡಿಕೊಂಡರು. ಅವರಿಗೆ ಚಹಾ, ಹಿಟ್ಟಿನ ಉಂಡೆ ಕರಿದ ಬೋರ್ಸೋಕ್ ಕೊಟ್ಟು ಉಪಚರಿಸಿದಳು, ಬೋರ್ಡ್ ಮಾತ್ರ ಇಳಿಸಲಿಲ್ಲ.

ಕೊನೆಗೆ ಮೆಲಿಸ್ ತಾನೇ ಬಂದ. ಪ್ರವಾಸಿಗರನ್ನು ಸಾಗಿಸುವವನೊಬ್ಬನಿಗೆ ಅವನು ಮಾಡಿಕೊಟ್ಟಿದ್ದ ಪರದೆಗಳೆಲ್ಲ ಒಟ್ಟಿಗೆ ಕೈಕೊಟ್ಟಿದ್ದವು. ಆ ಮನುಷ್ಯ ಮೈಯೆಲ್ಲ ಕೋಪವಾಗಿ ಮೆಲಿಸನ ಬೆನ್ನ ಹಿಂದೆಯೇ ನಿಂತಿದ್ದ.

"ಅತ್ತಿಗೆ, ಮನೆಯವನು ಅಂತ ಇದೊಂದ್ಸಲ ಮಾಡ್ಕೊಡಿ."

"ಈ ಕೆಲಸ ನಿಂಗೆ ಯಾರು ಕಲಿಸಿದ್ದು? ಗಟ್ಟಿಯಾಗಿ ಹೇಳು, ಟೀ ಅಂಗಡಿಯವಳಿಗೂ ಕೇಳ್ಬೇಕು."

ಸುತ್ತಲಿನವರು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದರು. "ನೀವೇ," ಎಂದ.

"ನನ್ನ ಕೈಯಲ್ಲಿ ಹಾಳಾದ ಗಾಡಿ ಎಷ್ಟು?"

"ಒಂದೂ ಇಲ್ಲ."

ಗುಲ್ಸುನ್ ಕೈ ಒರೆಸಿಕೊಂಡು ಹಿಂದೆ ನಿಂತಿದ್ದವನ ಕಡೆ ತಿರುಗಿದಳು. ಗಾಡಿಗಳನ್ನು ನೇರ ತನ್ನ ಬಳಿಗೇ ತರಬೇಕು, ನಡುವೆ ಯಾರೂ ಬೇಡ ಎಂದಳು. ಮೆಲಿಸ್ ಅಲ್ಲೇ ನಿಂತಿದ್ದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಹಿಮ ಕರಗುವ ಮೊದಲೇ ಅವನು ಅಂಗಡಿ ಮಾರಿ ದಕ್ಷಿಣದ ಓಷ್ ಪಟ್ಟಣದ ಕಡೆ ಹೋದ. ಪಾಪ ಅನ್ನಿಸಲಿಲ್ಲವೇ ಎಂದು ನಾನೊಮ್ಮೆ ಕೇಳಿದೆ. ಅನ್ನಿಸಿದ ದಿನ ಹೇಳುತ್ತೇನೆ ಎಂದು ಗುಲ್ಸುನ್ ಮುಂದಿನ ಗಾಡಿಯ ಬಾಗಿಲು ತೆಗೆದಳು.