ಓಮೊಯೆಯ ಸೊಳ್ಳೆಬತ್ತಿ

ನಮ್ಮ ಊರು ಎಕ್ಪೋಮಾದ ಬಾಡಿಗೆ ಕೋಣೆಯ ಏಜೆಂಟರಿಗೆ ಓಮೊಯೆಯನ್ನು ಕಂಡರೆ ಆಗುವುದಿಲ್ಲ. ಅವಳು ಮಾಡುವುದು ಕಾಲೇಜಿನ ಹಿಂದಿನ ಗೇಟಿನ ಪಕ್ಕ ಕುಳಿತು ಅಲಸಂದೆ ರುಬ್ಬಿ ಅಕರಾ ಕರಿಯುವ ಕೆಲಸ, ಅಷ್ಟೆ. ಆದರೆ ಹೊಸದಾಗಿ ಸೇರಿದ ಹುಡುಗಿಯರು ಹಾಸ್ಟೆಲ್ ಸಿಗದೆ ಹೊರಗೆ ಕೋಣೆ ಹುಡುಕಲು ಹೊರಟರೆ, ಹಳಬರು ಮೊದಲು ಹೇಳಿಕೊಡುವುದು ಇದನ್ನೇ: "ಅಕರಾ ಆಂಟಿನ ಕರ್ಕೊಂಡು ಹೋಗು. ದುಡ್ಡು ಗಿಡ್ಡು ಏನೂ ಕೇಳಲ್ಲ."

ಅವಳು ಬಾಣಲೆ ಇಳಿಸಿ, ಕೈ ಒರೆಸಿಕೊಂಡು, ಸೊಂಟದ ಬಟ್ಟೆಯ ಗಂಟಿನಲ್ಲಿ ಒಂದು ಸೊಳ್ಳೆಬತ್ತಿ ಸಿಕ್ಕಿಸಿಕೊಂಡು ಬರುತ್ತಾಳೆ. ಗೋಡೆಯ ಬಣ್ಣ ನೋಡುವುದಿಲ್ಲ, ನಲ್ಲಿ ತಿರುಗಿಸುವುದಿಲ್ಲ. ಕೋಣೆಯ ಬಾಗಿಲು ಹಾಕಿಸಿ, ನಡುವೆ ಸೊಳ್ಳೆಬತ್ತಿ ಹಚ್ಚಿಟ್ಟು, ನೆಲದ ಮೇಲೆ ಕುಳಿತು ಹೊಗೆ ಎತ್ತ ಹೋಗುತ್ತದೆಂದು ನೋಡುತ್ತಾಳೆ. ಹೊಗೆ ಕಿಟಕಿಯ ಕಡೆ ನಡೆದರೆ "ತಗೊ" ಅನ್ನುತ್ತಾಳೆ. ತಲೆಯ ಮೇಲೆ ಸುಮ್ಮನೆ ತೂಗಾಡುತ್ತಾ ನಿಂತರೆ "ಬೇಡ" ಅನ್ನುತ್ತಾಳೆ. ಯಾಕೆ ಎಂದು ಕೇಳಿದರೆ ಬತ್ತಿ ಆರಿಸಿಕೊಂಡು ಬಾಣಲೆಯ ಕಡೆ ಹೊರಟುಬಿಡುತ್ತಾಳೆ.

"ಕೋಣೆ ಕೊಡ್ತಿರೋದು ಹುಡುಗೀರಿಗೆ, ಸೊಳ್ಳೆಗಲ್ಲ ತಾಯಿ" ಎಂದು ಏಜೆಂಟರು ಗೇಲಿ ಮಾಡುತ್ತಾರೆ. ಅವರಲ್ಲಿ ಹಳಬನಾದ ಫೆಸ್ಟಸ್ ಮಾತ್ರ ಗೇಲಿ ಮಾಡುವುದಿಲ್ಲ. ಅವನಿಗೆ ಗೊತ್ತು.

ಹದಿನಾಲ್ಕು ವರ್ಷದ ಹಿಂದೆ ಓಮೊಯೆಯೂ ಅದೇ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಳು. ಆಗ ಮೇಷ್ಟರುಗಳ ಮುಷ್ಕರ ನಡೆದು ಏಳು ತಿಂಗಳು ಕಾಲೇಜು ಮುಚ್ಚಿತ್ತು. ಇನ್ನೇನು ಮುಗಿಯುತ್ತದೆ ಎಂಬ ಸುದ್ದಿ ಹಬ್ಬಿದಾಗ, ಎಲ್ಲರಿಗಿಂತ ಮೊದಲು ಹೋಗಿ ಒಳ್ಳೆಯ ಕೋಣೆ ಹಿಡಿಯಬೇಕೆಂದು ಅವಳು ತನ್ನ ಊರು ಉರೋಮಿಯಿಂದ ಬಸ್ಸು ಹತ್ತಿದಳು. ಆ ವರ್ಷ ತಂಗಿ ಇಜೇಹಿಗೂ ಸೀಟು ಸಿಕ್ಕಿತ್ತು. ಇಬ್ಬರೂ ಒಟ್ಟಿಗೆ ಇರಬೇಕು, ಹಾಗಾಗಿ ಅವಳೂ ಜೊತೆಗೆ ಬಂದಳು. ಓಮೊಯೆಗೆ ತಾನು ಬಹಳ ಜಾಣೆ ಅನ್ನಿಸಿತ್ತು. ಆದರೆ ಮುಷ್ಕರದ ಹೊತ್ತಿನಲ್ಲಿ ನಮ್ಮ ಊರಲ್ಲಿ ಕೋಣೆ ನೋಡುವುದೆಂದರೆ, ಹುಡುಗಿ ನಿದ್ದೆ ಮಾಡುತ್ತಿದ್ದಾಗ ಹೆಣ್ಣು ನೋಡಿ ಬಂದ ಹಾಗೆ. ಅವಳ ಬಾಯಿ ಎಂಥದೆಂದು ತಿಳಿಯುವುದು ಮದುವೆಯಾದ ಮೇಲೆ.

ಹೊರಡುವಾಗ ಅಮ್ಮ ಒಂದೇ ಮಾತು ಹೇಳಿದ್ದಳು. ಅವಳು ಉರೋಮಿಯ ಸಂತೆಯಲ್ಲಿ ಬಟ್ಟೆ ಮಾರುವವಳು, ಮಾತು ಕತ್ತರಿಸಿ ಕೊಟ್ಟ ಹಾಗೆ ಆಡುವವಳು. ಹಿಂದಿನ ವರ್ಷ ಓದುವ ಹುಡುಗಿಯರು ಬಾಡಿಗೆಗಿದ್ದ ಲಾಡ್ಜೊಂದಕ್ಕೆ ಕಳ್ಳರು ನುಗ್ಗಿದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

"ಬಾಗಿಲು ಗಟ್ಟಿ ಇರ್ಬೇಕು. ನಂಗೆ ಬೇರೇನೂ ಬೇಡ. ನಿನ್ ತಂಗಿ ನಿನ್ ಜವಾಬ್ದಾರಿ, ತಿಳೀತಾ?"

"ತಿಳೀತಮ್ಮ."

ಫೆಸ್ಟಸ್ ತೋರಿಸಿದ್ದು ಎರಡು ಕೋಣೆ. ಮೊದಲನೆಯದು ಮರಗೆಣಸಿನ ಹೊಲದ ಅಂಚಿನಲ್ಲಿತ್ತು. ಎದುರುಬದುರಾಗಿ ಎರಡು ದೊಡ್ಡ ಕಿಟಕಿ, ಅಂಗಳದಲ್ಲೊಂದು ಸೀಬೆಮರ. ಗೇಟು ಮಾತ್ರ ಒಂದೇ ಕೀಲಿನಲ್ಲಿ ಜೋತಾಡುತ್ತಿತ್ತು. ಇಜೇಹಿ ಒಳಗೆ ಹೋದವಳೇ ಕಿಟಕಿಯಲ್ಲಿ ಕೂತುಬಿಟ್ಟಳು.

"ಅಕ್ಕ, ಇದೇ ಇರ್ಲಿ. ನೋಡು, ಕೂತಲ್ಲೇ ಸೀಬೆಕಾಯಿ ಕೀಳ್ಬಹುದು."

"ಕಳ್ಳ ನಿಂತಲ್ಲೇ ನಿನ್ನ ಕಿತ್ಕೊಂಡು ಹೋಗ್ಬಹುದು. ಇಳಿ ಕೆಳಗೆ."

ಎರಡನೆಯದು ಉದ್ದನೆಯ ಕಟ್ಟಡ. ನಡುವೆ ಓಣಿಯಂಥ ಪಡಸಾಲೆ, ಎರಡೂ ಕಡೆ ಐದೈದು ಕೋಣೆ. ಕಳ್ಳರ ಭಯಕ್ಕೆ ಯಜಮಾನ ಪಡಸಾಲೆಯ ಹಿಂಬದಿಯನ್ನು ಇಟ್ಟಿಗೆ ಇಟ್ಟು ಮುಚ್ಚಿಸಿದ್ದ. ಇದ್ದ ಒಂದೇ ದಾರಿ ಮುಂದಿನದು. ಅದಕ್ಕೆ ಹೆಬ್ಬೆರಳು ದಪ್ಪದ ಸರಳುಗಳ ಕಬ್ಬಿಣದ ಬಾಗಿಲು. ಫೆಸ್ಟಸ್ ಎರಡೂ ಕೈಯಿಂದ ಹಿಡಿದು ಜಗ್ಗಿ ತೋರಿಸಿದ. ಅದು ಅಲುಗಲಿಲ್ಲ. ಖಾಲಿ ಇದ್ದದ್ದು ತುದಿಯ ಕೋಣೆ, ಮೇಲೆಲ್ಲೋ ಒಂದು ಸಣ್ಣ ಕಿಟಕಿ. ಆ ದಿನ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಒಳಗೆ ತಂಪು, ಸದ್ದಿಲ್ಲ, ವಾಸನೆಯಿಲ್ಲ.

"ಜೈಲಿದ್ದ ಹಾಗಿದೆ ಅಕ್ಕ" ಅಂದಳು ಇಜೇಹಿ.

"ಜೈಲಿಗೆ ಕಳ್ಳ ನುಗ್ಗಿದ್ದು ಕೇಳಿದ್ದೀಯಾ? ಸುಮ್ನಿರೆ."

ಹಾಗೆ ಆಯ್ಕೆ ಮುಗಿಯಿತು. ಇಜೇಹಿ ಎರಡು ದಿನ ಮುಖ ಊದಿಸಿಕೊಂಡಿದ್ದಳು, ಆಮೇಲೆ ಗೋಡೆಗೆ ಹಳೆಯ ಕ್ಯಾಲೆಂಡರಿನ ಸೀಬೆಹಣ್ಣಿನ ಚಿತ್ರ ಅಂಟಿಸಿ ನಕ್ಕಳು.

ಕಾಲೇಜು ತೆರೆದು ಹತ್ತೂ ಕೋಣೆ ತುಂಬಿದಾಗ ಕಟ್ಟಡ ಬಾಯಿ ಬಿಟ್ಟಿತು. ಕರೆಂಟು ದಿನಕ್ಕೆ ಒಂದು ಗಂಟೆ ಬಂದರೆ ಪುಣ್ಯ, ಹಾಗಾಗಿ ಕೋಣೆಗೊಂದು ಚಿಕ್ಕ ಜನರೇಟರ್. 'ನೆರೆಯವನಿಗಿಂತ ನಾನು ಮೇಲು' ಎಂದು ನಾವು ತಮಾಷೆಗೆ ಹೆಸರಿಟ್ಟ ಆ ಡಬ್ಬಗಳು ಹೊರಗೆ ಸಾಲಾಗಿ ಕೂತು ಕಿರುಚುತ್ತಿದ್ದವು. ಮೂರನೇ ವಾರ ಅವುಗಳಲ್ಲಿ ಎರಡು ಕಳುವಾದವು.

ನಮ್ಮಲ್ಲಿ ಲಾಡ್ಜಿಗೊಂದು ಸಭೆ, ಸಭೆಗೊಬ್ಬ ಅಧ್ಯಕ್ಷ. ಆ ಲಾಡ್ಜಿನ ಅಧ್ಯಕ್ಷ ಅಕೇರೆ, ಕೊನೆಯ ವರ್ಷದ ಹುಡುಗ, ಯಾರ ನೀರಿನ ಕೊಡವನ್ನಾದರೂ ಹೊತ್ತು ಕೊಡುವಂಥ ಒಳ್ಳೆಯವನು. ಇನ್ನು ಮೇಲೆ ಜನರೇಟರುಗಳನ್ನು ಪಡಸಾಲೆಯೊಳಗೇ ಇಡುವುದು, ಹತ್ತು ಗಂಟೆಗೆ ಕಬ್ಬಿಣದ ಬಾಗಿಲಿಗೆ ಬೀಗ ಹಾಕುವುದು, ಬೀಗದ ಕೈ ತನ್ನ ಹತ್ತಿರ ಇರುವುದು ಎಂದು ಅವನು ಸೂಚಿಸಿದ.

"ಹೊಗೆ ಒಳಗೇ ಸುತ್ತುತ್ತಲ್ವಾ ಅಧ್ಯಕ್ಷರೇ?" ಎಂದಳು ಇಜೇಹಿ.

"ಮೊದಲನೇ ವರ್ಷದೋರು ಮೂಗು ಮುಚ್ಕೊಂಡು ಮಲಗ್ಲಿ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಓಮೊಯೆ ತಂಗಿಯ ತೊಡೆ ಚಿವುಟಿದಳು. ಒಪ್ಪಿಗೆ ಇರುವವರು ಕೈ ಎತ್ತಿ ಅಂದಾಗ ಮೊದಲು ಎತ್ತಿದವಳು ಓಮೊಯೆ. ಇದನ್ನು ಅವಳು ತಾನೇ ಹೇಳಿಕೊಂಡಿದ್ದಾಳೆ, ಇನ್ನೊಬ್ಬರು ಹೇಳಿದ್ದಲ್ಲ.

ಡಿಸೆಂಬರಿನಲ್ಲಿ ಮರುಭೂಮಿಯ ಧೂಳುಗಾಳಿ ಹರ್ಮಟಾನ್ ಬೀಸತೊಡಗಿತು. ತುಟಿ ಒಡೆಯುವ ಗಾಳಿ, ಎಲ್ಲರ ಕಿಟಕಿಗಳೂ ಮುಚ್ಚಿದವು. ಒಂದು ಶನಿವಾರ ಉರೋಮಿಯಲ್ಲಿ ದೊಡ್ಡಪ್ಪನ ಶವಸಂಸ್ಕಾರ. ಓಮೊಯೆ ಹೋಗಲೇಬೇಕು. ಇಜೇಹಿಗೆ ಸೋಮವಾರ ಪರೀಕ್ಷೆ, ಅವಳು ಉಳಿದಳು. ಲಾಡ್ಜಿನ ಉಳಿದವರೂ ವಾರದ ಕೊನೆಗೆಂದು ಊರಿಗೆ ಹೋಗಿದ್ದರು. ಅಕೇರೆ ಒಬ್ಬ ಇದ್ದ.

"ನೀವು ಹೋಗಿ ಬನ್ನಿ. ಅವಳು ಓದ್ಕೊಳ್ಳಲಿ, ಎಣ್ಣೆ ಮುಗಿಯೋವರೆಗೂ ನಾನು ಜನರೇಟರ್ ಆರಿಸಲ್ಲ" ಅಂದ.

ಓಮೊಯೆ ಚೀಲ ಹೆಗಲಿಗೇರಿಸಿಕೊಂಡು ತಂಗಿಗೆ ಹೇಳಿದ್ದು ಇಷ್ಟು: "ಕಿಟಕಿ ಭದ್ರವಾಗಿ ಹಾಕ್ಕೋ. ಧೂಳು ಬೇರೆ, ಕಳ್ಳರ ಕಾಟ ಬೇರೆ."

"ಆಯ್ತು ಜೈಲರಮ್ಮ" ಅಂದಳು ಇಜೇಹಿ.

ಭಾನುವಾರ ಬೆಳಿಗ್ಗೆ ಓಮೊಯೆ ಶವಸಂಸ್ಕಾರದ ಊಟದಲ್ಲಿ ಮಿಕ್ಕಿದ ಮೇಕೆಮಾಂಸದ ಸಾರನ್ನು ಡಬ್ಬಿಯಲ್ಲಿ ತಂದಳು. ಕಬ್ಬಿಣದ ಬಾಗಿಲಿಗೆ ಒಳಗಿನಿಂದ ಬೀಗ. ಪಡಸಾಲೆಯೊಳಗಿನ ಜನರೇಟರ್ ಎಣ್ಣೆ ಮುಗಿದು ಸುಮ್ಮನಿತ್ತು, ಅದರ ಹೊಗೆಯ ವಾಸನೆ ಇನ್ನೂ ಒಳಗೇ ನಿಂತಿತ್ತು. ಹೆಸರು ಹಿಡಿದು ಕೂಗಿದಳು. ಸರಳುಗಳಿಗೆ ಮುಖವೊತ್ತಿ ನೋಡಿದಾಗ ಪಡಸಾಲೆಯ ಕತ್ತಲಲ್ಲಿ, ಅಕೇರೆಯ ಕೋಣೆಯ ಮುಂದೆ, ಒಂದು ಪಾದ ಕಂಡಿತು. ತನಗೇನೋ ಆಗುತ್ತಿದೆ ಎಂದು ಇಜೇಹಿಗೆ ಗೊತ್ತಾಗಿತ್ತು. ಬೀಗದ ಕೈ ಕೇಳಲು ಅಷ್ಟು ದೂರ ನಡೆದು ಬಂದಿದ್ದಳು. ಒಳಗಿನವನಿಗೆ ಬಾಗಿಲು ತೆಗೆಯುವ ಶಕ್ತಿ ಉಳಿದಿರಲಿಲ್ಲ.

ಇಗರ್ಜಿಗೆ ಹೊರಟಿದ್ದವರು ಓಡಿ ಬಂದರು. ಕಲ್ಲಿನಿಂದ ಹೊಡೆದರು, ಸುತ್ತಿಗೆ ತಂದರು, ಬೀಗ ಜಪ್ಪಯ್ಯ ಅನ್ನಲಿಲ್ಲ. ವೆಲ್ಡಿಂಗಿನವನನ್ನು ಪ್ರಾರ್ಥನೆಯ ನಡುವಿನಿಂದ ಎಬ್ಬಿಸಿ ಕರೆತರಬೇಕಾಯಿತು. ಅಷ್ಟು ಹೊತ್ತೂ ಓಮೊಯೆ ಆ ಪಾದವನ್ನೇ ನೋಡುತ್ತಾ ನಿಂತಿದ್ದಳು, ಅದು ಅಲುಗಿತು ಎಂದು ಎರಡು ಸಲ ಕೂಗಿದಳು. ಅದು ಅಲುಗಿರಲಿಲ್ಲ. ಅಕೇರೆಯೂ ಹೋಗಿದ್ದ, ಹಾಸಿಗೆಯಲ್ಲಿ ಮಲಗಿದ ಹಾಗೇ. ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳೋಣವೆಂದರೆ ಅದಕ್ಕೂ ಒಬ್ಬ ಮನುಷ್ಯ ಉಳಿಯಲಿಲ್ಲ.

ನಮ್ಮಲ್ಲಿ ಮಕ್ಕಳನ್ನು ಮಣ್ಣು ಮಾಡುವ ಜಾಗಕ್ಕೆ ಹೆತ್ತವರು ಹೋಗಬಾರದು. ಓಮೊಯೆ ಹೋದಳು. ಕಾಲಿಗೆ ಕೆಂಪು ಮಣ್ಣು ಮೆತ್ತಿಕೊಂಡು ಮನೆಗೆ ಬಂದಾಗ, ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ ಅಮ್ಮ ತಿರುಗದೆ ಕೇಳಿದಳು:

"ಬಾಗಿಲು ಗಟ್ಟಿ ಇತ್ತಾ?"

"ಗಟ್ಟಿ ಇತ್ತಮ್ಮ."

ಅಮ್ಮ ಮಗಳ ತಪ್ಪು ಹುಡುಕಲು ಕೇಳಿದಳೋ, ತಾನಾಡಿದ ಮಾತು ತನಗೇ ನೆನಪಾಯಿತೋ, ಓಮೊಯೆಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಆರು ವರ್ಷ ಬದುಕಿದ್ದಳು, ಆ ಮಾತನ್ನು ಮತ್ತೆ ಎತ್ತಲಿಲ್ಲ. ಓಮೊಯೆ ತರಗತಿಗೆ ಹೋಗಿ ಕೂರಲು ನೋಡಿದಳು, ಆಗಲಿಲ್ಲ. ಊರಿಗೆ ಹೋಗಲೂ ಆಗಲಿಲ್ಲ. ಬಾಣಲೆ ಇಟ್ಟುಕೊಂಡು ಗೇಟಿನ ಪಕ್ಕ ಕುಳಿತಳು.

ಕಳೆದ ವರ್ಷ ಔಚಿಯಿಂದ ರಮಾತು ಎಂಬ ಹುಡುಗಿ ತನ್ನ ಅಪ್ಪನ ಜೊತೆ ಬಂದಳು. ಅಪ್ಪ ಲಾರಿ ಓಡಿಸುವವನು, ಮಗಳ ಚೀಲವನ್ನು ತಾನೇ ಹೊತ್ತಿದ್ದ. ಓಮೊಯೆ ಸೊಳ್ಳೆಬತ್ತಿ ತೆಗೆದುಕೊಂಡು ಹಿಂದೆ ನಡೆದಳು. ಮುಂದೆ ನಡೆಯುತ್ತಿದ್ದವನು ಫೆಸ್ಟಸ್, ಈಗ ಮುದುಕ. ತಿರುವಿನಲ್ಲಿ ಅವನು ಒಮ್ಮೆ ಹಿಂತಿರುಗಿ ಓಮೊಯೆಯ ಮುಖ ನೋಡಿ ತಲೆ ತಗ್ಗಿಸಿದ. ಕಟ್ಟಡಕ್ಕೆ ಹಳದಿ ಬಣ್ಣ ಬಳಿದಿದ್ದರು, ಹೊಸ ಹೆಸರಿನ ಬೋರ್ಡು ಹಾಕಿದ್ದರು. ಹಿಂಬದಿಯ ಇಟ್ಟಿಗೆ ಗೋಡೆ ಹಾಗೇ ಇತ್ತು. ಕಬ್ಬಿಣದ ಬಾಗಿಲನ್ನು ಬೆಸೆದು ಮತ್ತೆ ನಿಲ್ಲಿಸಿದ್ದರು.

 ಓಮೊಯೆ ಒಳಗೆ ಹೋಗಿ, ತುದಿಯ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿ ಕುಳಿತಳು. ಹೊಗೆ ಅರ್ಧಕ್ಕೆ ಏರಿ ಅಲ್ಲೇ ನಿಂತಿತು.

"ಬೇಡ" ಎಂದು ಎದ್ದು ಪಡಸಾಲೆಗೆ ಬಂದಳು.

ರಮಾತುವಿನ ಅಪ್ಪನಿಗೆ ಕೋಣೆ ಹಿಡಿಸಿಬಿಟ್ಟಿತ್ತು. ಅವನು ಕಬ್ಬಿಣದ ಬಾಗಿಲನ್ನು ಎರಡೂ ಕೈಯಿಂದ ಹಿಡಿದು ಜಗ್ಗಿ ನೋಡುತ್ತಿದ್ದ. "ಬೇಡ ಅಂದ್ರೆ ಹೇಗೆ ತಂಗಿ? ಹೆಣ್ಣುಮಗು ಒಬ್ಳೇ ಇರೋ ಜಾಗ. ಸೊಳ್ಳೆಗೆ ಪರದೆ ಕಟ್ಟೋಣ. ಬಾಗಿಲು ಗಟ್ಟಿ ಇದೆಯಲ್ಲ?"

ಅಷ್ಟು ವರ್ಷಗಳಲ್ಲಿ ಕೋಣೆ ನೋಡಲು ಬಂದ ಯಾರಿಗೂ ಓಮೊಯೆ 'ತಗೊ', 'ಬೇಡ' ಎಂಬುದರಾಚೆ ಒಂದು ಮಾತು ಹೇಳಿರಲಿಲ್ಲ.

"ಗಟ್ಟಿ ಇದೆ ಅಣ್ಣ" ಅಂದಳು. "ಇದನ್ನ ಕತ್ತರಿಸೋಕೆ ನಮಗೆ ಒಂದು ಗಂಟೆ ಹಿಡೀತು. ನನ್ ತಂಗಿ ಅಲ್ಲಿ ಬಿದ್ದಿದ್ಲು, ನಿಮ್ ಮಗಳು ನಿಂತಿದ್ದಾಳಲ್ಲ, ಅಲ್ಲೇ. ಇಲ್ಲಿಂದ ಪಾದ ಕಾಣ್ತಿತ್ತು."

ಅವನು ಸರಳು ಬಿಟ್ಟು ಮಗಳ ಕೈ ಹಿಡಿದುಕೊಂಡ. ಚೀಲ ಮತ್ತೆ ಹೆಗಲಿಗೇರಿತು. ಫೆಸ್ಟಸ್ ಬಾಗಿಲು ಎಳೆದು ಬೀಗ ಹಾಕಿದ.

ಆ ಕೋಣೆ ನಾಲ್ಕೇ ದಿನದಲ್ಲಿ ಬೇರೆ ಇಬ್ಬರು ಹುಡುಗಿಯರಿಗೆ ಹೋಯಿತು. ಅವರು ಅಕರಾ ಆಂಟಿಯನ್ನು ಕೇಳಿರಲಿಲ್ಲ.